ತೂತಿಗೆ ತೂತು ಕೂತರೂ ಚಕ್ರ ನಡುಗುವುದೇಕೆ?

ಪ್ರಶ್ನೆ: ನನ್ನ ಕಾರಿನ 16 ಇಂಚಿನ ಕಂಪನಿ ಚಕ್ರ ತೆಗೆಸಿ, ಹೊರಗೆ ಕೊಂಡ 17 ಇಂಚಿನ ಅಲಾಯ್ ಹಾಕಿಸಿದೆ. ಹಳೆಯದು 6.5ಜೆ (ರಿಮ್ಮಿನ ಅಗಲ, ಇಂಚಿನಲ್ಲಿ), ಆಫ್‌ಸೆಟ್ (ರಿಮ್ಮಿನ ಅಗಲದ ನಡುಗೆರೆಯಿಂದ ಹಬ್ಬಿಗೆ ಮುಟ್ಟುವ ಮುಖಕ್ಕಿರುವ ದೂರ, ಮಿ.ಮೀ.) 45, ಟೈರ್ 205/55 ಆರ್16. ಹೊಸದು 8ಜೆ, ಆಫ್‌ಸೆಟ್ 35, ಟೈರ್ 225/45 ಆರ್17. ಎರಡಕ್ಕೂ ಐದು ನಟ್, ಪಿಸಿಡಿ (ನಟ್ ತೂತುಗಳು ಕೂತ ವೃತ್ತದ ವ್ಯಾಸ) 114.3. ನಟ್‌ಗಳು ಕಂಪನಿಯವೇ. ಕಾರಿನ ಹಬ್ (ಚಕ್ರ ಕೂರುವ ಭಾಗ) 64.1 ಅಂತೆ, ಹೊಸ ಚಕ್ರದ ಹಿಂಬದಿಯಲ್ಲಿ 73.1 ಎಂದು ಬರೆದಿದೆ, ಅದೇನೋ ಗೊತ್ತಿಲ್ಲ. ಈಗ 85ರಿಂದ 100 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಮೂರು ಸಲ ಬ್ಯಾಲೆನ್ಸಿಂಗ್, ಎರಡು ಸಲ ಅಲೈನ್‌ಮೆಂಟ್ ಆಯಿತು, ಏನೂ ಬದಲಾಗಲಿಲ್ಲ. ಹಿಂದೆ ಮೂವರು ಕೂತರೆ ಹಂಪ್ ದಾಟುವಾಗ ಟೈರ್ ಎಲ್ಲೋ ಉಜ್ಜುತ್ತದೆ. ಹತ್ತು ದಿನದ ಮೇಲೆ ನೋಡಿದರೆ ಎರಡು ನಟ್ ಕೈಯಲ್ಲೇ ತಿರುಗಿದವು. ಚಕ್ರವೇ ಕಳಪೆಯೇ? ಸರಿಯಾಗಿ ಕೂರಿಸುವುದು ಹೇಗೆ?

ಉತ್ತರ: ಮೊದಲು ತುರ್ತಿನ ಮಾತು. ಕೈಯಲ್ಲಿ ತಿರುಗುವ ನಟ್ ಕಂಡಮೇಲೆ ಅದನ್ನು ಹಾಗೇ ಬಿಗಿದು ಓಡಿಸುತ್ತ ಇರಬೇಡಿ. ಆ ಚಕ್ರವನ್ನು ಬಿಚ್ಚಿ ನಟ್ ಕೂರುವ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿ. ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಅಂಚಿನಲ್ಲಿ ಲೋಹ ಎದ್ದಿದ್ದರೆ ಆ ಚಕ್ರದ ಕಥೆ ಮುಗಿಯಿತು. ವೆಲ್ಡ್ ಮಾಡಿಸಿ ಉಳಿಸಿಕೊಳ್ಳುವ ಯೋಚನೆ ಬೇಡ. ತೂತಿನ ಸುತ್ತ ಕಪ್ಪು ಹುಡಿ ಅಥವಾ ಕೆಂಪು ತುಕ್ಕಿನ ಗೆರೆ ಇದ್ದರೆ ಚಕ್ರ ಅಲ್ಲಿ ಅಲುಗಾಡಿದೆ ಎಂದರ್ಥ. ಆಮೇಲೆ ಹಬ್ಬಿನಿಂದ ಚಾಚಿದ, ನಟ್ ಏರುವ ಐದೂ ಸ್ಟಡ್‌ಗಳಿಗೆ ಹೊಸ ನಟ್ ಒಂದನ್ನು ಬೆರಳಲ್ಲೇ ತಿರುಗಿಸುತ್ತ ಹೋಗಿ. ಬುಡದವರೆಗೂ ಸಲೀಸಾಗಿ ಓಡಬೇಕು. ನಡುವೆ ಹಿಡಿದುಕೊಂಡಿತೋ, ಆ ಸ್ಟಡ್ ಎಳೆದುಹೋಗಿದೆ ಅಥವಾ ಅದರ ಮರೆ (ತಿರುಪಿನ ಗೆರೆ) ಕೆಟ್ಟಿದೆ, ಬದಲಿಸಿ.

ಇನ್ನು ಕಾರಣಗಳಿಗೆ ಬರೋಣ. ನಿಮ್ಮ ಮೂರು ತೊಂದರೆಗಳಲ್ಲಿ ಒಂದಕ್ಕೂ ಅಲೈನ್‌ಮೆಂಟ್ ಕಾರಣವಲ್ಲ. ಟೋ, ಕ್ಯಾಂಬರ್ ಎಂಬ ಚಕ್ರದ ಓರೆಗಳು ತಪ್ಪಿದರೆ ಟೈರ್ ಸವೆಯುತ್ತದೆ, ಕಾರು ಪಕ್ಕಕ್ಕೆ ಎಳೆಯುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಬಂದು ಹೋಗುವ ನಡುಕ ಅದರಿಂದ ಹುಟ್ಟುವುದಿಲ್ಲ. ಚಕ್ರವೂ ಕಳಪೆಯಾಗಿರಲೇಬೇಕಿಲ್ಲ. ನೀವು ‘ಅದೇನೋ ಗೊತ್ತಿಲ್ಲ’ ಎಂದು ಬಿಟ್ಟ ಆ 73.1ರಲ್ಲೇ ಅರ್ಧ ಉತ್ತರ ಇದೆ.

ಚಕ್ರದ ನಟ್ಟನಡುವೆ ಒಂದು ದೊಡ್ಡ ತೂತಿದೆಯಲ್ಲ, ಅದರ ವ್ಯಾಸ 73.1 ಮಿ.ಮೀ. ಕಾರಿನ ಹಬ್ಬಿನ ನಡುವೆ ಎದ್ದು ನಿಂತ ದುಂಡನೆಯ ಅಂಚು 64.1 ಮಿ.ಮೀ. ಕಂಪನಿ ಚಕ್ರದ ತೂತು ಈ ಅಂಚಿಗೆ ಬಿಗಿಯಾಗಿ ಹೊಂದುವಂತೆ ಕೊರೆದಿರುತ್ತಾರೆ, ಹಾಗಾಗಿ ಅದು ತಾನೇ ತಾನಾಗಿ ನಡುವಿಗೆ ಕೂರುತ್ತದೆ. ಹೊರಗಿನ ಚಕ್ರ ಮಾಡುವವರು ಒಂದೇ ಚಕ್ರವನ್ನು ಹತ್ತಾರು ಕಾರಿಗೆ ಮಾರಬೇಕು, ಅದಕ್ಕೇ 73.1ರಂಥ ದೊಡ್ಡ ತೂತು ಕೊರೆದುಬಿಡುತ್ತಾರೆ. ಟೊಯೊಟಾದ 60.1, ಹ್ಯುಂಡೈ-ಕಿಯಾದ 67.1, ಎರಡಕ್ಕೂ ಅದು ಸಲ್ಲುತ್ತದೆ, ನಡುವಿನ ಸಂದು ತುಂಬುವ ಬಳೆ, ಅಂದರೆ ಹಬ್ ರಿಂಗ್, ಹಾಕಿದರೆ. ನಿಮಗೆ ರಿಂಗ್ ಹಾಕಿದಂತಿಲ್ಲ. ಅಂದರೆ ಸುತ್ತಲೂ 4.5 ಮಿ.ಮೀ. ಖಾಲಿ. ಚಕ್ರವನ್ನು ನಡುವಿಗೆ ತರುವ ಕೆಲಸ ಪೂರ್ತಿ ನಟ್‌ಗಳ ಪಾಲಿಗೆ ಬಿತ್ತು, ಆ ನಟ್‌ಗಳೂ ಈ ಚಕ್ರದವಲ್ಲ.

ನಡುವಿನಿಂದ ಅರ್ಧ ಮಿ.ಮೀ. ಸರಿದರೆ ಏನಾಗುತ್ತದೆ ಲೆಕ್ಕ ಹಾಕಿ. ಟೈರ್ ಸಮೇತ ಚಕ್ರ ಸುಮಾರು 20 ಕೆ.ಜಿ. ಎಂದಿಟ್ಟುಕೊಳ್ಳೋಣ. 20,000 ಗ್ರಾಂ ಅರ್ಧ ಮಿ.ಮೀ. ಪಕ್ಕಕ್ಕೆ ಸರಿದರೆ 10,000 ಗ್ರಾಂ-ಮಿ.ಮೀ. ಅಸಮತೋಲ. 17 ಇಂಚಿನ ರಿಮ್ಮಿನ ತ್ರಿಜ್ಯ 216 ಮಿ.ಮೀ.; ಭಾಗಿಸಿದರೆ 46 ಗ್ರಾಂ. ಚೆನ್ನಾಗಿ ಬ್ಯಾಲೆನ್ಸ್ ಮಾಡಿದ ಚಕ್ರದ ಒಂದು ಅಂಚಿಗೆ 46 ಗ್ರಾಮಿನ ಸೀಸದ ತುಂಡು ಅಂಟಿಸಿದ ಹಾಗೆ. ಬ್ಯಾಲೆನ್ಸಿಂಗ್ ಮೆಷಿನ್ ಇದನ್ನು ಎಂದಿಗೂ ಹಿಡಿಯುವುದಿಲ್ಲ, ಏಕೆಂದರೆ ಅಲ್ಲಿ ಚಕ್ರವನ್ನು ನಡುವಿನ ತೂತಿಗೆ ಶಂಕು ತೂರಿಸಿ ಹಿಡಿದಿರುತ್ತಾರೆ. ಮೆಷಿನ್ ಮೇಲೆ ಅದು ಸರಿಯಾದ ನಡುವಲ್ಲೇ ಸುತ್ತುತ್ತದೆ, ಸೊನ್ನೆ ತೋರಿಸುತ್ತದೆ. ಕಾರಿಗೆ ಹಾಕಿದಾಗ ಮತ್ತೆ ಪಕ್ಕಕ್ಕೆ ಕೂರುತ್ತದೆ. ಹೀಗೇ ಮೂರು ಸಲ ಅಲ್ಲ, ಮೂವತ್ತು ಸಲ ಮಾಡಿಸಿದರೂ ಅಷ್ಟೇ.

85–100ರಲ್ಲೇ ಏಕೆ ಎಂಬ ಕುತೂಹಲವೂ ನಿಮಗಿರಬಹುದು. ನಿಮ್ಮ ಟೈರಿನ ವ್ಯಾಸ 634 ಮಿ.ಮೀ., ಸುತ್ತಳತೆ ಎರಡು ಮೀಟರಿಗೆ ತುಸು ಕಡಿಮೆ. 90 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಹನ್ನೆರಡೂವರೆ ಸುತ್ತು ತಿರುಗುತ್ತದೆ. ಚಕ್ರ ಮತ್ತು ಸಸ್ಪೆನ್ಷನ್ ಸೇರಿದ ಭಾಗದ ಸಹಜ ಕಂಪನವೂ ಸೆಕೆಂಡಿಗೆ ಸುಮಾರು 10ರಿಂದ 15ರ ನಡುವೆಯೇ ಇರುತ್ತದೆ. ಎರಡೂ ಸೇರಿದಾಗ ಸ್ಟೀರಿಂಗ್‌ಗೆ ತಲುಪುತ್ತದೆ; ವೇಗ ದಾಟಿದರೆ ಮಾಯವಾದಂತೆ ಅನಿಸುತ್ತದೆ. ಮಾಯವಾಗಿರುವುದಿಲ್ಲ, ಬೇರಿಂಗು ಅದನ್ನು ತಿನ್ನುತ್ತಲೇ ಇರುತ್ತದೆ.

ಹಾಗಾಗಿ ಮೊದಲ ಖರೀದಿ: ಹೊರವ್ಯಾಸ 73.1, ಒಳವ್ಯಾಸ 64.1 ಇರುವ ನಾಲ್ಕು ಹಬ್ ರಿಂಗ್. ಬರಹವನ್ನು ನಂಬಿ ಕೊಳ್ಳಬೇಡಿ. ವರ್ನಿಯರ್ ಹಿಡಿದು ಚಕ್ರದ ತೂತನ್ನೂ ಹಬ್ಬನ್ನೂ ಅಳೆಯಿರಿ, ಬಣ್ಣದ ಪದರದಿಂದಲೇ ಒಂದೆರಡು ದಶಾಂಶ ವ್ಯತ್ಯಾಸ ಬರುತ್ತದೆ. ಪ್ಲಾಸ್ಟಿಕ್ ರಿಂಗೋ ಅಲ್ಯೂಮಿನಿಯಂ ರಿಂಗೋ ಎಂಬ ಜಗಳ ಬಹಳ ನಡೆಯುತ್ತದೆ. ರಸ್ತೆಯ ಕಾರಿಗೆ ಗಟ್ಟಿ ಪ್ಲಾಸ್ಟಿಕ್ ಸಾಕು. ಕಾರಿನ ತೂಕ ಹೊರುವುದು ರಿಂಗ್ ಅಲ್ಲ, ನಟ್‌ಗಳ ಬಿಗಿತದಿಂದ ಹಬ್ ಮತ್ತು ಚಕ್ರದ ಮುಖಗಳ ನಡುವೆ ಹುಟ್ಟುವ ಘರ್ಷಣೆ. ಘಾಟಿ ಇಳಿಯುವಾಗ ಬ್ರೇಕ್ ಕಾದು ಕೆಂಪಾಗುವಂತೆ ಓಡಿಸುವವರಿಗೆ ಅಲ್ಯೂಮಿನಿಯಂ ಒಳ್ಳೆಯದು, ಆದರೆ ಅದು ಉಕ್ಕಿನ ಹಬ್ಬಿಗೆ ತುಕ್ಕಿನಿಂದ ಕಚ್ಚಿಕೊಳ್ಳುತ್ತದೆ, ಪ್ರತಿ ಸಲ ಬಿಚ್ಚಿದಾಗಲೂ ಒರೆಸಬೇಕು.

ಈಗ ನಟ್. 64.1 ಹಬ್, 5×114.3 ಎಂದರೆ ಹೊಂಡಾ ಕಾರುಗಳಲ್ಲಿ ಕಾಣುವ ಅಳತೆ, ಹೊಂಡಾ ಕಂಪನಿ ಚಕ್ರದ ನಟ್‌ನ ತಳ ಗೋಲವಾಗಿರುತ್ತದೆ, ಚೆಂಡಿನ ತುಂಡಿನ ಹಾಗೆ. ಹೊರಗಿನ ಅಲಾಯ್‌ಗಳಲ್ಲಿ ಬಹುಪಾಲು 60 ಡಿಗ್ರಿಯ ಶಂಕುವಿನಾಕಾರದ ಕುಳಿ. ಶಂಕುವಿನ ಕುಳಿಗೆ ಗೋಲದ ತಳ ಹಾಕಿದರೆ ಎರಡೂ ಮುಟ್ಟುವುದು ಕೂದಲೆಳೆಯ ಒಂದು ಉಂಗುರದಲ್ಲಿ ಮಾತ್ರ. ಪಾನಾದಲ್ಲಿ ಬಿಗಿದಾಗ ಗಟ್ಟಿಯಾಯಿತೆಂದೇ ಅನಿಸುತ್ತದೆ. ನಾಲ್ಕು ದಿನ ಓಡಿದಮೇಲೆ ಆ ತೆಳು ಉಂಗುರದ ಅಲ್ಯೂಮಿನಿಯಂ ಜಜ್ಜಿ ಒಳಗೆ ಹೋಗುತ್ತದೆ, ಬಿಗಿತ ಇಳಿಯುತ್ತದೆ, ನಟ್ ಕೈಗೆ ಬರುತ್ತದೆ. ನಿಮಗೆ ಆದದ್ದು ಬಹುಮಟ್ಟಿಗೆ ಇದೇ. ಪರೀಕ್ಷಿಸುವುದು ಸುಲಭ: ನಟ್ಟಿನ ತಳಕ್ಕೆ ಮಾರ್ಕರ್ ಬಳಿದು ಕುಳಿಯಲ್ಲಿ ಒತ್ತಿ ತಿರುಗಿಸಿ ತೆಗೆಯಿರಿ. ಬಣ್ಣ ಅಗಲವಾದ ಪಟ್ಟಿಯಾಗಿ ಅಳಿಸಿದ್ದರೆ ಸರಿಯಾದ ಜೋಡಿ. ಒಂದು ಗೆರೆ ಮಾತ್ರ ಅಳಿಸಿದ್ದರೆ ಆ ನಟ್ ಈ ಚಕ್ರಕ್ಕಲ್ಲ. ತಳದಲ್ಲಿ ವಾಷರ್ ಇರುವ ಚಪ್ಪಟೆ ನಟ್‌ಗಳೂ ಇವೆ, ಟೊಯೊಟಾದ ಅಲಾಯ್‌ಗಳಲ್ಲಿ ನೋಡಿರುತ್ತೀರಿ. ಅವನ್ನು ಶಂಕುವಿನ ಕುಳಿಗೆ ಹಾಕುವುದು ಇನ್ನೂ ಅಪಾಯ.

ಹೊಸ ನಟ್ ಕೊಳ್ಳುವಾಗ ತಳ 60 ಡಿಗ್ರಿ ಶಂಕು, ಮರೆ ಎಂ12×1.5 (ಸ್ಟಡ್ 12 ಮಿ.ಮೀ. ದಪ್ಪ, ಒಂದು ಸುತ್ತಿಗೆ 1.5 ಮಿ.ಮೀ.) ಎಂದು ಕೇಳಿ. ನಿಸಾನ್, ಸುಬಾರು, ಸುಜುಕಿಯವು ಎಂ12×1.25, ಕಣ್ಣಿಗೆ ಒಂದೇ ಥರ, ಒಂದೆರಡು ಸುತ್ತು ಹೋಗಿ ಹಿಡಿದುಕೊಂಡಾಗ ಏರ್ ಗನ್ ಇಟ್ಟರೆ ಸ್ಟಡ್ ಹೋಯಿತು. ನಟ್ ಎಷ್ಟು ಸುತ್ತು ಕಚ್ಚುತ್ತದೆ ಎಂಬುದನ್ನೂ ಎಣಿಸಿ. ಕನಿಷ್ಠ ಸ್ಟಡ್ಡಿನ ವ್ಯಾಸದಷ್ಟು ಉದ್ದ ಮರೆ ಕಚ್ಚಬೇಕು: 12 ಮಿ.ಮೀ.ಯನ್ನು 1.5ರಿಂದ ಭಾಗಿಸಿದರೆ ಎಂಟು ಪೂರ್ಣ ಸುತ್ತು. ಬೆರಳಲ್ಲಿ ತಿರುಗಿಸಲು ಆರಂಭಿಸಿ ಕುಳಿಗೆ ತಗಲುವಷ್ಟರಲ್ಲಿ ಎಂಟಾಗದಿದ್ದರೆ ಆ ಚಕ್ರದ ಮುಖ ದಪ್ಪ, ಸ್ಟಡ್ ಗಿಡ್ಡ. ಉದ್ದದ ಸ್ಟಡ್ ಹಾಕಿಸದೆ ಓಡಿಸುವಂತಿಲ್ಲ. ಸ್ಟಡ್ ಇಲ್ಲದೆ ಬೋಲ್ಟ್ ಬಿಗಿಯುವ ಕಾರುಗಳಲ್ಲಿ ತಿರುಗುಮುರುಗು ಅಪಾಯವೂ ಉಂಟು. ಬೋಲ್ಟ್ ಉದ್ದವಾದರೆ ಹಬ್ಬಿನ ಹಿಂದೆ ಚಾಚಿ ಹ್ಯಾಂಡ್‌ಬ್ರೇಕ್ ಭಾಗಕ್ಕೋ ಎಬಿಎಸ್ ಸೆನ್ಸರಿಗೋ ಹೊಡೆಯುತ್ತದೆ, ಹಾಗಾಗಿ ಅಲ್ಲಿ ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡದೆ ನೆಲಕ್ಕಿಳಿಸಬಾರದು.

ಕೂರಿಸುವ ಕೆಲಸಕ್ಕೆ ಬರೋಣ. ಅವಸರ ಬೇಡದ ಜಾಗ ಇದು.

ಸಮತಟ್ಟು ನೆಲ, ಹ್ಯಾಂಡ್‌ಬ್ರೇಕ್, ಎದುರು ಬದಿಯ ಚಕ್ರಕ್ಕೆ ಅಡ್ಡ ಇಟ್ಟ ಮರದ ತುಂಡು. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಎತ್ತಿ, ಸ್ಟ್ಯಾಂಡ್ ಕೊಡಿ. ಚಕ್ರ ತೆಗೆದಮೇಲೆ ಕಾಣುವ ಬ್ರೇಕ್ ಡಿಸ್ಕಿನ ಮುಖವನ್ನು ನೋಡಿ: ನಡುವಿನ ಅಂಚಿನ ಬುಡದಲ್ಲಿ, ಸ್ಟಡ್‌ಗಳ ಸಂದಿಯಲ್ಲಿ ತುಕ್ಕಿನ ಹಕ್ಕಳೆ ಕಟ್ಟಿರುತ್ತದೆ. ತಂತಿ ಬ್ರಷ್ಷಿನಲ್ಲಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಬೆರಳಾಡಿಸಿ ನೋಡಿ. ಇದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 140 ಮಿ.ಮೀ. ಅಗಲದ ಮುಖದ ಒಂದು ಬದಿಯಲ್ಲಿ 0.1 ಮಿ.ಮೀ. ತುಕ್ಕು ಉಳಿದರೆ ಚಕ್ರ ಓರೆಯಾಗಿ ಕೂತು, 634 ಮಿ.ಮೀ. ಟೈರಿನ ಅಂಚಿನಲ್ಲಿ ಅದು ಸುಮಾರು ಅರ್ಧ ಮಿ.ಮೀ. ಓಲಾಟವಾಗಿ ಕಾಣುತ್ತದೆ.

ಡಿಸ್ಕನ್ನು ಹಬ್ಬಿಗೆ ಹಿಡಿದಿಡುವ ಚಿಕ್ಕ ಸ್ಕ್ರೂಗಳಿದ್ದರೆ ಅವುಗಳ ತಲೆ ಮುಖಕ್ಕಿಂತ ಒಳಗಿರಬೇಕು. ಕೆಲವು ಕಾರುಗಳ ಸ್ಟಡ್ ಬುಡದಲ್ಲಿ ತೆಳು ತಗಡಿನ ಕ್ಲಿಪ್ ಸಿಕ್ಕಿಸಿರುತ್ತಾರೆ. ಕಾರ್ಖಾನೆಯಲ್ಲಿ ಜೋಡಿಸುವಾಗ ಡಿಸ್ಕ್ ಉದುರದಿರಲಿ ಎಂದು ಹಾಕಿದ್ದು. ಕಂಪನಿ ಚಕ್ರದ ಹಿಂಬದಿಯಲ್ಲಿ ಅದಕ್ಕೆ ಜಾಗ ಬಿಟ್ಟಿರುತ್ತಾರೆ, ಹೊರಗಿನ ಚಕ್ರದಲ್ಲಿ ಆ ಜಾಗ ಇರಬೇಕೆಂದೇನಿಲ್ಲ. ಕ್ಲಿಪ್ಪಿನ ಮೇಲೆ ಕೂತ ಚಕ್ರ ಎಷ್ಟು ಬಿಗಿದರೂ ಸಡಿಲವಾಗುತ್ತದೆ. ಕಿತ್ತು ಎಸೆಯಿರಿ.

ಚಕ್ರದ ಹಿಂಬದಿಯನ್ನೂ ನೋಡಿ. ಪೌಡರ್ ಕೋಟಿಂಗ್ ಮಾಡಿಸಿದ ಚಕ್ರದಲ್ಲಿ ಹಬ್ಬಿಗೆ ಮುಟ್ಟುವ ಮುಖಕ್ಕೂ ನಟ್ಟಿನ ಕುಳಿಗೂ ದಪ್ಪ ಬಣ್ಣ ಹತ್ತಿರುತ್ತದೆ. ನಟ್ಟಿನ ಒತ್ತಡಕ್ಕೆ ಆ ಬಣ್ಣ ದಿನೇದಿನೇ ಜಜ್ಜಿ ತೆಳುವಾಗುತ್ತದೆ, ಬಿಗಿತ ಕಳೆಯುತ್ತದೆ. ಈ ಎರಡು ಜಾಗದಲ್ಲಿ ಬಣ್ಣ ಇರಲೇಬಾರದು.

ಟೈರ್ ಹಾಕಿಸುವ ಮುಂಚೆ ಬರೀ ರಿಮ್ಮನ್ನು ಹಬ್ಬಿಗೆ ಹಿಡಿದು ನೋಡುವುದು ಇಡೀ ಕೆಲಸದಲ್ಲೇ ಜಾಣತನದ ಹೆಜ್ಜೆ. ಟೈರ್ ಏರಿದಮೇಲೆ ಅಂಗಡಿಯವರು ರಿಮ್ ಹಿಂದೆ ತೆಗೆದುಕೊಳ್ಳುವುದಿಲ್ಲ. ಡಿಸ್ಕನ್ನು ಹಿಡಿಯುವ ಬ್ರೇಕ್ ಕ್ಯಾಲಿಪರ್ ಮೇಲೆ ಚಿಕ್ಕ ಉಂಡೆ ಜೇಡಿಯನ್ನು, ಮಕ್ಕಳು ಆಡುವ ಮೆತ್ತನೆಯದಾದರೂ ಸರಿ, ಅಂಟಿಸಿ, ರಿಮ್ ಕೂರಿಸಿ, ಮೂರು ನಟ್ ಹಾಕಿ ಒಂದು ಸುತ್ತು ತಿರುಗಿಸಿ. ತೆಗೆದು ನೋಡಿದರೆ ಜೇಡಿ ಎಷ್ಟು ತೆಳುವಾಗಿದೆಯೋ ಅಷ್ಟೇ ಸಂದು. ಕ್ಯಾಲಿಪರಿನಿಂದ ಅರಗಳ ಹಿಂಬದಿಗಾಗಲಿ ರಿಮ್ಮಿನ ಒಳಗೋಡೆಗಾಗಲಿ ಸಂದು 3 ಮಿ.ಮೀ.ಗಿಂತ ಕಡಿಮೆ ಇರಬಾರದು. ಒಳಬದಿಗೆ ಅಂಟಿಸುವ ಬ್ಯಾಲೆನ್ಸ್ ತೂಕಗಳಿಗೂ ಜಾಗ ಬೇಕೆಂಬುದು ನೆನಪಿರಲಿ; ಕ್ಯಾಲಿಪರ್ ತಾಗಿ ಅವು ಕಿತ್ತುಹೋದರೆ ಮತ್ತೆ ಮೊದಲಿನ ನಡುಕವೇ.

ರಿಂಗ್ ಸಿಕ್ಕಿಸುವುದು ಚಕ್ರದ ತೂತಿಗೆ. ಓರೆ ಕೆತ್ತಿದ ಅಂಚು ಹಬ್ಬಿನ ಕಡೆಗೆ, ಮೇಲ್ಮೈ ಚಕ್ರದ ಮುಖಕ್ಕಿಂತ ಹೊರಗೆ ಚಾಚಬಾರದು. ಹಬ್ಬಿನ ನಡುವಿನ ಅಂಚಿಗೆ ಮಾತ್ರ ಕಾಣಿಸುವಷ್ಟು ತೆಳ್ಳಗೆ ತಾಮ್ರದ ಗ್ರೀಸ್ ಸವರಬಹುದು. ಮುಖಕ್ಕೂ ಸ್ಟಡ್ಡಿಗೂ ಬೇಡ. ನಟ್ ಬಿಗಿಯುವಾಗ ಹಾಕುವ ಬಲದಲ್ಲಿ ಸುಮಾರು ಅರ್ಧ ನಟ್ಟಿನ ತಳದ ಘರ್ಷಣೆಗೆ, ಇನ್ನು ಶೇ. 40ರಷ್ಟು ಮರೆಯ ಘರ್ಷಣೆಗೆ ಹೋಗಿ, ಉಳಿದ ಶೇ. 10ರಷ್ಟು ಮಾತ್ರ ಚಕ್ರವನ್ನು ಹಿಡಿಯುತ್ತದೆ. ಎಣ್ಣೆ ಹಾಕಿ ಘರ್ಷಣೆ ಇಳಿಸಿದರೆ ಅದೇ ಟಾರ್ಕಿನಲ್ಲಿ ಸ್ಟಡ್ ತುಂಬ ಹೆಚ್ಚು ಎಳೆಯಲ್ಪಡುತ್ತದೆ. ಕಂಪನಿ ಕೊಟ್ಟ ಅಂಕಿ ಒಣ ಮರೆಗೆ ಹೇಳಿದ್ದು.

ಚಕ್ರ ಎತ್ತಿ ಹಬ್ಬಿಗೆ ಒತ್ತಿ. ರಿಂಗ್ ಸರಿಯಿದ್ದರೆ ಬಿಟ್ಟರೂ ಅದು ಅಲ್ಲೇ ನಿಲ್ಲುತ್ತದೆ. ಐದೂ ನಟ್‌ಗಳನ್ನು ಬೆರಳಲ್ಲೇ ಕುಳಿ ಮುಟ್ಟುವವರೆಗೆ ತಿರುಗಿಸಿ. ಏರ್ ಗನ್ ಇನ್ನೂ ಮೂಲೆಯಲ್ಲೇ ಇರಲಿ. ಚಕ್ರವನ್ನು ಸ್ವಲ್ಪ ಅಲುಗಿಸುತ್ತ, ಗಾಳಿಯಲ್ಲೇ, ಒಂದು ಬಿಟ್ಟು ಒಂದರಂತೆ ನಕ್ಷತ್ರದ ಕ್ರಮದಲ್ಲಿ ಸುಮಾರು 30 ನ್ಯೂಟನ್ ಮೀಟರಿಗೆ ಬಿಗಿಯಿರಿ. ಚಕ್ರ ನಡುವಿಗೆ ಬರುವುದು ಈ ಹಂತದಲ್ಲೇ. ಕಾರಿನ ಭಾರ ಬಿದ್ದಮೇಲೆ ಮೊದಲ ಬಿಗಿತ ಕೊಟ್ಟರೆ ಅದು ಕೆಳಗೆ ಜೋತುಬಿದ್ದ ಜಾಗದಲ್ಲೇ ಗಟ್ಟಿಯಾಗುತ್ತದೆ, ಗನ್ನಿನಿಂದ ಒಂದೇ ನಟ್ಟನ್ನು ಪೂರ್ತಿ ಬಿಗಿದರೂ ಹಾಗೇ. ಆಮೇಲೆ ಟೈರ್ ನೆಲ ಮುಟ್ಟಿ ತಿರುಗದಿರುವಷ್ಟು ಇಳಿಸಿ, ಅದೇ ಕ್ರಮದಲ್ಲಿ ಮೊದಲು 60, ಆಮೇಲೆ ಪೂರ್ತಿ. ಹೊಂಡಾ ಕಾರುಗಳ ಎಂ12 ಸ್ಟಡ್ಡಿಗೆ 108 ನ್ಯೂಟನ್ ಮೀಟರ್. ಟೊಯೊಟಾದಲ್ಲಿ 103 ಸಾಮಾನ್ಯ. ನಿಮ್ಮ ಕಾರಿನ ಕೈಪಿಡಿಯ ಅಂಕಿಯೇ ಅಂತಿಮ. ಟಾರ್ಕ್ ರೆಂಚ್ ‘ಟಕ್’ ಎಂದಾಗ ನಿಲ್ಲಿಸಿ. ಗಟ್ಟಿಯಾಯಿತೋ ಇಲ್ಲವೋ ಎಂದು ಇನ್ನೆರಡು ಸಲ ಟಕ್ಕೆನ್ನಿಸುವ ಚಾಳಿ ಬಹಳ ಜನಕ್ಕಿದೆ, ಪ್ರತಿ ಸಲವೂ ಬಿಗಿತ ಅಂಕಿಯನ್ನು ದಾಟುತ್ತದೆ.

50ರಿಂದ 100 ಕಿ.ಮೀ. ಓಡಿದ ಮೇಲೆ ಚಕ್ರ ತಣ್ಣಗಿರುವಾಗ ಅದೇ ಅಂಕಿಗೆ ಮತ್ತೆ ಪರೀಕ್ಷಿಸಿ. ಸಡಿಲಿಸಿ ಬಿಗಿಯುವುದಲ್ಲ, ಇದ್ದಲ್ಲಿಂದಲೇ. ಕಾಲು ಸುತ್ತಿನಷ್ಟು ತಿರುಗಿದರೆ ಏನೋ ಇನ್ನೂ ಕೂತಿಲ್ಲ. ಮತ್ತೆ ಬಿಚ್ಚಿ ನೋಡಬೇಕು.

ಇಷ್ಟಾದಮೇಲೂ ನಡುಕ ಉಳಿದರೆ ಹಳೆಯ ಚಕ್ರಗಳನ್ನು ಒಮ್ಮೆ ಹಾಕಿ ಓಡಿಸಿ. ನಡುಕ ಹೋಯಿತೆಂದರೆ ಕಾರು ನಿರ್ದೋಷಿ. ಆಗ ಹೊಸ ಚಕ್ರಗಳನ್ನು ಹಿಂದೆ-ಮುಂದೆ ಬದಲಿಸಿ. ನಡುಕ ಸ್ಟೀರಿಂಗ್ ಬಿಟ್ಟು ಸೀಟಿಗೆ ಬಂದರೆ ಮೊದಲು ಮುಂದಿದ್ದ ಎರಡರಲ್ಲಿ ಒಂದು ಸೊಟ್ಟಗಿದೆ. ಡಯಲ್ ಗೇಜ್ ಇಟ್ಟು ರಿಮ್ಮಿನ ಓಲಾಟ ಅಳೆದರೆ 0.5 ಮಿ.ಮೀ. ಒಳಗಿರಬೇಕು. ಬ್ರೇಕ್ ತುಳಿದಾಗ ಮಾತ್ರ ನಡುಗಿದರೆ ಅದು ಡಿಸ್ಕಿನ ವಿಚಾರ, ಚಕ್ರವನ್ನು ಬೈಯಬೇಡಿ.

ಉಜ್ಜುವುದಕ್ಕೆ ಕಾರಣ ಅಗಲ ಮತ್ತು ಆಫ್‌ಸೆಟ್. 6.5ರಿಂದ 8 ಇಂಚಿಗೆ ಹೋದಾಗ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಅಗಲ ಹೆಚ್ಚಿತು, ಒಳಗೆ 19, ಹೊರಗೆ 19. ಆಫ್‌ಸೆಟ್ 45ರಿಂದ 35ಕ್ಕೆ ಇಳಿದದ್ದರಿಂದ ಇಡೀ ಚಕ್ರ 10 ಮಿ.ಮೀ. ಹೊರಗೆ ಸರಿಯಿತು. ಕೂಡಿ ಕಳೆದರೆ ರಿಮ್ಮಿನ ಹೊರ ಅಂಚು 29 ಮಿ.ಮೀ. ಹೊರಗೆ, ಒಳ ಅಂಚು 9 ಮಿ.ಮೀ. ಒಳಗೆ. ಟೈರಿನ ಪಕ್ಕೆ ಪೂರ್ತಿ 29 ಬರುವುದಿಲ್ಲ, ಆದರೂ 20ರ ಆಸುಪಾಸು ಹೊರಗೆ ಬಂದಿದೆ. ಹಿಂದೆ ಮೂವರು ಕೂತು ಸ್ಪ್ರಿಂಗ್ ಅದುಮಿದಾಗ ಅದು ಮಡ್‌ಗಾರ್ಡಿನ ಒಳಕ್ಕೆ ಮಡಚಿದ ತಗಡಿಗೆ ತಾಗುತ್ತಿದೆ. ಆ ತಗಡಿನ ಅಂಚಿಗೂ ಮಡ್‌ಗಾರ್ಡಿನ ಒಳಹೊದಿಕೆಯಾದ ಲೈನರಿಗೂ ಚಾಕ್ ಬಳಿದು ಭಾರ ಹೇರಿ ಹಂಪ್ ದಾಟಿ ಬನ್ನಿ, ಚಾಕ್ ಅಳಿಸಿದ ಜಾಗ ಹೇಳುತ್ತದೆ. ಮುಂದಿನ ಚಕ್ರಗಳನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ, ಒಂದು ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿಯೂ ನೋಡಬೇಕು. ಒಳಗಡೆ ಶಾಕ್ ಅಬ್ಸಾರ್ಬರಿಗೂ ಟೈರಿಗೂ ಕನಿಷ್ಠ 5 ಮಿ.ಮೀ. ಸಂದು ಬೇಕು.

ಟೈರಿನ ಎತ್ತರದಲ್ಲಿ ತಪ್ಪಿಲ್ಲ. 205/55 ಆರ್16ರ ವ್ಯಾಸ 632 ಮಿ.ಮೀ., ನಿಮ್ಮದು 634. ಸ್ಪೀಡೋಮೀಟರಿಗೆ ಗೊತ್ತೇ ಆಗದಷ್ಟು. ಕೆಲವರು ರಸ್ತೆಗುಂಡಿಗಳಿಗೆ ಒಳ್ಳೆಯದೆಂದು ಇದೇ ರಿಮ್ಮಿಗೆ 225/50 ಹಾಕಿಸುತ್ತಾರೆ, ಆಗ ವ್ಯಾಸ 657ಕ್ಕೇರಿ ಉಜ್ಜಾಟ ಇನ್ನೂ ಜೋರಾಗುತ್ತದೆ.

ಪರಿಹಾರ ಕೇಳಿದರೆ, ಸಾಧ್ಯವಿದ್ದರೆ ಈ ರಿಮ್ ಬದಲಿಸಿ 7.5ಜೆ, ಆಫ್‌ಸೆಟ್ 45 ತೆಗೆದುಕೊಳ್ಳಿ. ಆಗ ಹೊರಗೂ ಒಳಗೂ ತಲಾ 12.7 ಮಿ.ಮೀ. ಮಾತ್ರ, ಇದೇ 225/45 ಟೈರ್ ನಡೆಯುತ್ತದೆ. ಒಳಗಿನ ಸಂದನ್ನು ಮಾತ್ರ ಮುಂಚೆಯೇ ಅಳೆದುಕೊಳ್ಳಿ. ಬದಲಿಸಲಾಗದಿದ್ದರೆ 215/45 ಆರ್17 ಒಂದು ದಾರಿ, ವ್ಯಾಸ 625. ಆದರೆ ಅದರಲ್ಲಿ ಲೋಡ್ ಅಂಕಿ 87 ಇರುವವೂ ಸಿಗುತ್ತವೆ. 87 ಎಂದರೆ ಟೈರಿಗೆ 545 ಕೆ.ಜಿ., 91 ಎಂದರೆ 615. ಕಂಪನಿ ಟೈರಿನದು 91 ಆಗಿದ್ದರೆ ಅದಕ್ಕಿಂತ ಕೆಳಗಿಳಿಯಬೇಡಿ. ರಿಮ್ಮಿನ ಹಿಂಬದಿಯಲ್ಲೂ ಅದು ಹೊರುವ ಭಾರ ಅಚ್ಚೊತ್ತಿರಬೇಕು, ಹಿಂದಿನ ಆಕ್ಸಲಿನ ಗರಿಷ್ಠ ಭಾರದ ಅರ್ಧಕ್ಕಿಂತ ಅದು ಹೆಚ್ಚಿರಬೇಕು. ಮಡ್‌ಗಾರ್ಡಿನ ಅಂಚು ಮಡಚಿಸುವುದು ಕೊನೆಯ ಮಾತು, ಬಣ್ಣ ಬಿರಿದು ಅಲ್ಲೇ ತುಕ್ಕು ಶುರುವಾಗುತ್ತದೆ. ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ತುರುಕಿಸುವ ಉಪಾಯವನ್ನಂತೂ ಯಾರು ಹೇಳಿದರೂ ಕೇಳಬೇಡಿ.

ಇನ್ನೊಂದು, ಸ್ಟೆಪ್ನಿ. ಅದು ಕಂಪನಿಯದೇ, ಅದರ ಕುಳಿ ಗೋಲವೇ. ಹೊಸ ಶಂಕುವಿನ ನಟ್ ಅದಕ್ಕೆ ಆಗುವುದಿಲ್ಲ. ಹಳೆಯ ನಟ್‌ಗಳಲ್ಲಿ ಐದನ್ನು ಒಂದು ಚೀಲಕ್ಕೆ ಹಾಕಿ ಸ್ಟೆಪ್ನಿಯ ಜೊತೆಗೇ ಡಿಕ್ಕಿಯಲ್ಲಿ ಕಟ್ಟಿಡಿ, ಲಾಕ್ ನಟ್ ಹಾಕಿಸಿದ್ದರೆ ಅದರ ಕೀಲಿಯೂ ಅದೇ ಚೀಲದಲ್ಲಿರಲಿ.